ಇಬ್ಬರೂ ನಡೆದು ನೋಡಿದ ಬೆಂಗಳೂರು

ಹಿರೀಸಾವೆ ಸೀಮೆಯ ಹಳ್ಳಿಗಳಲ್ಲಿ ಈಗ ಅರವತ್ತು, ಎಪ್ಪತ್ತು ದಾಟಿರುವ ದಂಪತಿಗಳ ಮಾತಿನಲ್ಲಿ ಎರಡು ಬೆಂಗಳೂರುಗಳಿವೆ. ಒಂದು, ಮಕ್ಕಳು ಕೆಲಸಕ್ಕೆ ಸೇರಿ ಮನೆ ಮಾಡಿಕೊಂಡಿರುವ ಬೆಂಗಳೂರು. ಪೀಣ್ಯ, ನಾಗಸಂದ್ರ, ಲಗ್ಗೆರೆ ಕಡೆಯದು. ಇನ್ನೊಂದು, ಮದುವೆಯಾದ ಹೊಸದರಲ್ಲೋ ಒಂದು ಮಗುವಾದ ಮೇಲೋ ಗಂಡಹೆಂಡತಿ ಇಬ್ಬರೇ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಕಾಲ್ನಡಿಗೆಯಲ್ಲಿ ಸುತ್ತಿ ನೋಡಿಬಂದ ಬೆಂಗಳೂರು. ಮೊದಲನೆಯದರ ಮಾತು ಬಂದರೆ ಬಾಡಿಗೆ, ನೀರು, ಟ್ರಾಫಿಕ್ಕಿನ ಸುದ್ದಿಗೆ ತಿರುಗಿ ಬೇಗ ಮುಗಿಯುತ್ತದೆ. ಎರಡನೆಯದರ ಮಾತು ಬಂದರೆ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಸೇರಿಸುತ್ತಾರೆ. ನಮ್ಮ ಕಡೆ ಇದು ಅಪರೂಪ. ಜಮೀನು, ಕೋರ್ಟು, ಚುನಾವಣೆಯ ಕಥೆಗಳನ್ನು ಗಂಡಸರು ಹೇಳುತ್ತಾರೆ. ಹೆರಿಗೆ, ಬಾಣಂತನ, ತವರಿನ ಕಥೆಗಳನ್ನು ಹೆಂಗಸರು ಹೇಳುತ್ತಾರೆ. ಒಂದೇ ಸಂಸಾರದಲ್ಲಿ ನಲವತ್ತು ವರ್ಷ ಬಾಳಿದ ಇಬ್ಬರಿಗೆ ಸಮಪಾಲಿನ ನೆನಪುಗಳು ಬೆರಳೆಣಿಕೆಯಷ್ಟೂ ಇರುವುದಿಲ್ಲ. ಹಾಗಿರುವಾಗ ಬೆಂಗಳೂರನ್ನು ನಡೆದು ನೋಡಿದ ಒಂದು ದಿನ ಇಬ್ಬರದೂ ಆಗಿ ಉಳಿದದ್ದು ಹೇಗೆ? ಆ ದಿನದ ಬೆಲೆ ನೋಡಿದ ಜಾಗಗಳಿಂದ ಬಂದದ್ದಕ್ಕಿಂತ ಜೊತೆಯಲ್ಲಿ ನಡೆದದ್ದರಿಂದ ಬಂದದ್ದು ಹೆಚ್ಚು ಎಂಬುದು ನನ್ನ ವಾದ. ಇದನ್ನು ಒಪ್ಪಿದರೆ, ನಗರದಲ್ಲಿ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಜಾಗ ಇರಬೇಕೆನ್ನುವುದು ಸೊಗಸಿನ ಮಾತಾಗಿ ಉಳಿಯುವುದಿಲ್ಲ. ಅದು ಸಂಸಾರಗಳ ಒಳಗಿನ ನ್ಯಾಯಕ್ಕೆ ಸೇರಿದ ಮಾತಾಗುತ್ತದೆ.

ಮೊದಲು, ಅಂಥ ದಿನ ಒದಗಿಬರುವುದು ಎಷ್ಟು ಕಷ್ಟವಿತ್ತು ಎಂಬುದನ್ನು ನೆನೆಯಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಈ ಭಾಗದ ಬದುಕು ತೆಂಗು, ರಾಗಿ ಮತ್ತು ಹಸುವಿನ ಮೇಲೆ ನಿಂತದ್ದು. ತೆಂಗು ಕಾಯುತ್ತದೆ, ರಾಗಿಯೂ ಒಂದು ದಿನ ಕಾಯುತ್ತದೆ, ಹಸು ಕಾಯುವುದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಕರೆದು ಡೈರಿಗೆ ಹಾಕಲೇಬೇಕು. ಮನೆಯಿಂದ ಒಬ್ಬರು ಹೊರಡಬಹುದು, ಇಬ್ಬರೂ ಹೊರಟರೆ ಕೊಟ್ಟಿಗೆ ನೋಡುವವರು ಯಾರು? ಅದಕ್ಕೇ ಬೆಂಗಳೂರಿನ ಪ್ರಯಾಣ ಬಹುಪಾಲು ಗಂಡಸರ ಪ್ರಯಾಣವಾಗಿತ್ತು. ಇಬ್ಬರೂ ಹೋಗಬೇಕಾದರೆ ಊರಿನ ಕಣ್ಣಿಗೆ ಒಪ್ಪುವ ಕಾರಣ ಬೇಕಿತ್ತು. ವಿಕ್ಟೋರಿಯಾ ಆಸ್ಪತ್ರೆಯಲ್ಲೋ ಕಿದ್ವಾಯಿಯಲ್ಲೋ ಮಲಗಿರುವ ನೆಂಟರನ್ನು ನೋಡುವುದು, ಚಿಕ್ಕಪೇಟೆಯಲ್ಲಿ ಮದುವೆಯ ಸೀರೆ ತೆಗೆಯುವುದು, ಗೃಹಪ್ರವೇಶ, ನಾಮಕರಣ. ಅತ್ತೆಯನ್ನೋ ನಾದಿನಿಯನ್ನೋ ಹಸುವಿಗೆ ಒಪ್ಪಿಸಿ, ಬೆಳಿಗ್ಗೆಯ ಹಾಲು ಕರೆದು, ಚಿತ್ರಾನ್ನವೋ ಅಕ್ಕಿರೊಟ್ಟಿ ಚಟ್ನಿಯೋ ಬುತ್ತಿ ಕಟ್ಟಿಕೊಂಡು, ಹಾಸನದ ಕಡೆಯಿಂದ ಬರುವ ಸರ್ಕಾರಿ ಬಸ್ಸಿಗೆ ಕೈ ತೋರಿಸಿ ಹತ್ತಿದರೆ ಕದಬಹಳ್ಳಿ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ಸೋಲೂರು, ನೆಲಮಂಗಲ ದಾಟಿ ಮೆಜೆಸ್ಟಿಕ್ಕು. ಹೇಳಿಬಂದ ಕೆಲಸಕ್ಕೂ ವಾಪಸು ಹೋಗುವ ಬಸ್ಸಿಗೂ ನಡುವೆ ಉಳಿದ ಹೊತ್ತೇ ಬೆಂಗಳೂರು ನೋಡುವ ಹೊತ್ತು. ರಾತ್ರಿ ಉಳಿಯಬೇಕಾಗಿ ಬಂದವರಿಗೆ ರೈಲ್ವೆ ನಿಲ್ದಾಣದ ಎದುರು 1903ರಲ್ಲಿ ಶುರುವಾದ ಗುಬ್ಬಿ ತೋಟದಪ್ಪನವರ ಛತ್ರವಿತ್ತು. ನೋಡುವುದು ಎಂಬುದು ಹೀಗೆ ಬೇರೆ ಕೆಲಸದ ಮರೆಯಲ್ಲಿ ಬಂದ ಸುಖ. ಮರೆಯಲ್ಲಿ ಬಂದರೂ ಅದು ಚಿಕ್ಕದೇನೂ ಆಗಿರಲಿಲ್ಲ.

ಊರಿನಲ್ಲಿ ಗಂಡಹೆಂಡತಿ ನಡೆಯುವುದಕ್ಕೂ ಒಂದು ಕ್ರಮವಿತ್ತು. ಗಂಡ ನಾಲ್ಕು ಮಾರು ಮುಂದೆ, ಹೆಂಡತಿ ಹಿಂದೆ. ತಲೆಯ ಮೇಲೆ ಮಂಕರಿಯೋ ಕಂಕುಳಲ್ಲಿ ಕೂಸೋ ಇದ್ದರೂ ಅಷ್ಟೆ. ಸಂತೆಗೆ, ತೋಟಕ್ಕೆ, ನೆಂಟರ ಊರಿಗೆ ಹೋಗುವಾಗ ಈ ಅಂತರವೇ ಮರ್ಯಾದೆ ಎನಿಸಿಕೊಂಡಿತ್ತು. ಹಾಗಾದರೆ ಜಾತ್ರೆ, ತೀರ್ಥಯಾತ್ರೆಗಳಲ್ಲಿ ಇಬ್ಬರೂ ಜೊತೆಗೆ ಇರುತ್ತಿರಲಿಲ್ಲವೇ ಎಂದು ಕೇಳಬಹುದು. ಇರುತ್ತಿದ್ದರು, ಆದರೆ ಇಬ್ಬರೇ ಇರುತ್ತಿರಲಿಲ್ಲ. ಆದಿಚುಂಚನಗಿರಿಯ ಜಾತ್ರೆಗೆ, ಯಡಿಯೂರು ಸಿದ್ಧಲಿಂಗೇಶ್ವರನ ಗದ್ದುಗೆಗೆ, ಧರ್ಮಸ್ಥಳಕ್ಕೆ ಹೋಗುವುದೆಂದರೆ ಕೇರಿಯೇ ಹೊರಡುವುದು. ಗಂಡಸರು ಒಂದು ಗುಂಪು, ಹೆಂಗಸರು ಮಕ್ಕಳು ಇನ್ನೊಂದು ಗುಂಪು. ಅಲ್ಲಿನ ನೆನಪು ದೇವರದ್ದು ಮತ್ತು ಗುಂಪಿನದ್ದು. ದಾರಿ, ಹೊತ್ತು, ಊಟ ಎಲ್ಲವನ್ನೂ ಹಿರಿಯರೊಬ್ಬರು ತೀರ್ಮಾನಿಸಿರುತ್ತಿದ್ದರು. ನಗರದ ದಿನದಲ್ಲಿ ಆ ಹಿರಿಯರಿಲ್ಲ, ಗುಂಪಿಲ್ಲ, ಗುರುತಿನವರಿಲ್ಲ. ಎಡಕ್ಕೋ ಬಲಕ್ಕೋ, ಈಗ ಕೂರುವುದೋ ಇನ್ನಷ್ಟು ನಡೆಯುವುದೋ, ಇರುವ ದುಡ್ಡಿನಲ್ಲಿ ಕಾಫಿ ಕುಡಿಯುವುದೋ ಮಗುವಿಗೆ ಆಟಿಕೆ ಕೊಳ್ಳುವುದೋ ಎಂಬುದನ್ನು ಇಬ್ಬರೇ ಸೇರಿ ತೀರ್ಮಾನಿಸಬೇಕು. ಕೂಡು ಕುಟುಂಬದ ಮನೆಯಲ್ಲಿ ಇಂಥ ಸಣ್ಣ ತೀರ್ಮಾನಗಳನ್ನು ಮಾಡುವ ಅವಕಾಶವೇ ಹೊಸ ದಂಪತಿಗೆ ಸಿಗುತ್ತಿರಲಿಲ್ಲ. ಒಬ್ಬರ ಇಷ್ಟಾನಿಷ್ಟ ಇನ್ನೊಬ್ಬರಿಗೆ ತಿಳಿಯುವುದು ಇಂಥ ಸಣ್ಣ ತೀರ್ಮಾನಗಳಲ್ಲೇ.

ಅವರು ನಡೆದ ದಾರಿಯನ್ನೇ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕೆಂಪೇಗೌಡರ ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಬಸ್ ನಿಲ್ದಾಣದಿಂದ ಹೊರಬಿದ್ದರೆ ಕೆಂಪೇಗೌಡ ರಸ್ತೆ. ಸಾಗರ್, ಮೇನಕಾ, ಸಂತೋಷ್, ನರ್ತಕಿ, ತ್ರಿಭುವನ್, ಕಪಾಲಿ ಮುಂತಾದ ಚಿತ್ರಮಂದಿರಗಳ ಆಳೆತ್ತರ ಮೀರಿದ ಕಟೌಟುಗಳು. ಮುಂದೆ ಮೈಸೂರು ಬ್ಯಾಂಕ್ ವೃತ್ತ, 1858ರಷ್ಟು ಹಳೆಯ ಸೆಂಟ್ರಲ್ ಕಾಲೇಜು, ಕೆ.ಆರ್. ವೃತ್ತ, ಆಮೇಲೆ ವಿಧಾನಸೌಧ. ಎಲ್ಲ ಸೇರಿ ಎರಡೂವರೆ ಕಿಲೋಮೀಟರಿನ ಆಸುಪಾಸು. ಹೊಲಕ್ಕೆ ದಿನಕ್ಕೆರಡು ಸಲ ಹೋಗಿಬರುವ ಕಾಲಿಗೆ ಅದು ದೂರವೇ ಅಲ್ಲ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿ, ಕೆಂಗಲ್ ಹನುಮಂತಯ್ಯನವರ ಹಟದಿಂದ ಎದ್ದು, 1956ರಲ್ಲಿ ಮುಗಿದ ಆ ಕಲ್ಲಿನ ಸೌಧ. ಎದುರಿಗೆ ಹೈಕೋರ್ಟು ಇರುವ 1868ರ ಕೆಂಪು ಅಠಾರಾ ಕಚೇರಿ. ಅದರ ಹಿಂದೆ 1870ರ ಕಬ್ಬನ್ ಪಾರ್ಕು. ರಾಜ್ಯದ ಅಧಿಕಾರ, ರಾಜ್ಯದ ನ್ಯಾಯ, ಬುತ್ತಿ ಬಿಚ್ಚಿ ಕೂರುವ ನೆರಳು ಮೂರೂ ಕೂಗಳತೆಯಲ್ಲಿ. ಊರಿನ ಕಣ್ಣು ಇಲ್ಲದಿದ್ದುದರಿಂದ ನಾಲ್ಕು ಮಾರಿನ ಅಂತರಕ್ಕೆ ಇಲ್ಲಿ ಅರ್ಥವಿರಲಿಲ್ಲ. ಜನಸಂದಣಿಯಲ್ಲಿ ಮುಂದೆ ಹೋದವರು ಹಿಂದಿನವರನ್ನು ಕಳೆದುಕೊಳ್ಳುವ ಭಯವಿತ್ತು. ರಸ್ತೆ ದಾಟುವಾಗ ಕೈ ಹಿಡಿಯಲೇಬೇಕಿತ್ತು. 'ವಸಿ ನಿಧಾನಕ್ಕೆ ನಡೀರಿ' ಎಂದು ಹೆಂಡತಿ ಹೇಳಿದರೆ ಗಂಡ ನಿಂತು ಕಾಯುವುದು ಊರಿನಲ್ಲಿ ನಗೆಪಾಟಲಾಗಬಹುದಾಗಿದ್ದ ಸಂಗತಿ, ಇಲ್ಲಿ ಸಹಜವಾಯಿತು. ಹೆಜ್ಜೆಯ ವೇಗವನ್ನು ಇಬ್ಬರೂ ಕೂಡಿ ಗೊತ್ತುಮಾಡಿಕೊಂಡ ಮೊದಲ ದಿನ ಅದು ಎಂದರೆ ತಪ್ಪಾಗದು.

ನಡೆದು ನೋಡುವವರು ನಗರವನ್ನು ತಮ್ಮ ಬದುಕಿನ ಅಳತೆಯಲ್ಲೇ ನೋಡುತ್ತಾರೆ. ಹಾಗೆ ನೋಡಿದಾಗ ಮಾತ್ರ ನಗರ ಅವರದಾಗುತ್ತದೆ. ಕಸ್ತೂರಬಾ ರಸ್ತೆಯಲ್ಲಿ 1877ರಿಂದ ನಿಂತಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿತ್ತು. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಕಲ್ಲು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನ ಗುಡಿಯನ್ನು, ಊರ ಮುಂದಿನ ವೀರಗಲ್ಲುಗಳನ್ನು ಕಂಡು ಬೆಳೆದವರಿಗೆ ಅಲ್ಲಿನ ಶಿಲ್ಪಗಳು ಅಪರಿಚಿತವಲ್ಲ. ತಮ್ಮ ಊರಿನ ಕಲ್ಲಿಗೂ ಇಷ್ಟು ಬೆಲೆಯಿದೆಯೇ ಎಂಬ ಬೆರಗು ಅಲ್ಲಿ ಹುಟ್ಟುತ್ತದೆ. 1921ರ ಕೆ.ಆರ್. ಮಾರುಕಟ್ಟೆಗೆ ಬಂದರೆ ತೆಂಗಿನಕಾಯಿಯ ರಾಶಿ. ತೋಟದ ಬಾಗಿಲಲ್ಲಿ ವ್ಯಾಪಾರಿ ಕೊಟ್ಟ ಬೆಲೆಗೂ ಇಲ್ಲಿ ಗಿರಾಕಿ ಕೊಡುತ್ತಿರುವ ಬೆಲೆಗೂ ಇರುವ ಅಂತರ ಇಬ್ಬರ ಕಣ್ಣಿಗೂ ಒಟ್ಟಿಗೆ ಬೀಳುತ್ತದೆ. ಇದು ಮುಖ್ಯ, ಏಕೆಂದರೆ ಕಾಯಿ ಮಾರುವ ವ್ಯವಹಾರದಲ್ಲಿ ಹೆಂಗಸರನ್ನು ಕೇಳುವ ರೂಢಿ ಇರಲಿಲ್ಲ, ಪೇಟೆಯ ದರವನ್ನು ತಾನೇ ಕಂಡುಬಂದ ಹೆಂಗಸಿಗೆ ಮುಂದಿನ ವ್ಯಾಪಾರದಲ್ಲಿ ಒಂದು ಮಾತು ಹೇಳುವ ಬಲ ಬರುತ್ತದೆ. ಲಾಲ್‌ಬಾಗಿಗೆ ಹೋದರೆ, 1889ರ ಗಾಜಿನ ಮನೆಗಿಂತ ಹೆಚ್ಚು ಹೊತ್ತು ನಮ್ಮ ಕಡೆಯವರು ಗಿಡಗಳ ಮುಂದೆ ನಿಲ್ಲುತ್ತಿದ್ದರು. ಹೈದರಾಲಿ 1760ರಲ್ಲಿ ಶುರುಮಾಡಿದ, ಕೃಂಬಿಗಲ್ ಮತ್ತು ಮರಿಗೌಡರು ಬೆಳೆಸಿದ ಆ ತೋಟ ರೈತನ ಕಣ್ಣಿಗೆ ದೊಡ್ಡ ಪಾಠಶಾಲೆ. ಕಸಿ ಮಾವೋ ಸಪೋಟವೋ ಗುಲಾಬಿಯೋ, ಯಾವ ಸಸಿ ನಮ್ಮ ಮಣ್ಣಿಗೆ ಬರುತ್ತದೆ ಎಂಬ ಚರ್ಚೆ ನಡೆದು, ಮಗ್ಗುಲಿನ ಸಿದ್ದಾಪುರದ ನರ್ಸರಿಗಳಿಂದ ಒಂದೆರಡು ಸಸಿ ಹಿರೀಸಾವೆಯ ಬಸ್ಸು ಹತ್ತುತ್ತಿದ್ದವು. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಶ್ರವಣಬೆಳಗೊಳದ ಇಂದ್ರಗಿರಿಯನ್ನು ಬರಿಗಾಲಲ್ಲಿ ಹತ್ತಿ ಅಭ್ಯಾಸವಿರುವ ಹೆಣ್ಣುಮಗಳು ಆ ಬಂಡೆಯನ್ನು ಗಂಡನಿಗಿಂತ ಸಲೀಸಾಗಿ ಏರುತ್ತಾಳೆ. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ, ಸುತ್ತ ನಗರ. ಅಷ್ಟು ದೊಡ್ಡ ಊರನ್ನು ಇಬ್ಬರೂ ಒಂದೇ ಎತ್ತರದಲ್ಲಿ ನಿಂತು ನೋಡುತ್ತಾರೆ.

ಇಷ್ಟನ್ನೂ ವಾಹನದಲ್ಲಿ ಕೂತು ಇನ್ನೂ ಬೇಗ ನೋಡಬಹುದಿತ್ತಲ್ಲ ಎಂಬುದು ಮೊದಲ ಆಕ್ಷೇಪ. ಒಂದೇ ದಿನದಲ್ಲಿ ಹತ್ತು ಜಾಗ ತೋರಿಸುವ ಪ್ರವಾಸಿ ಬಸ್ಸುಗಳು ಬಹಳ ಕಾಲದಿಂದಲೂ ಇವೆ. ಅವುಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ನೋಡುವವರಿಂದ ತೀರ್ಮಾನವನ್ನು ಕಸಿದುಕೊಳ್ಳುತ್ತವೆ. ಇಲ್ಲಿ ಇಪ್ಪತ್ತು ನಿಮಿಷ, ಅಲ್ಲಿ ಅರ್ಧ ಗಂಟೆ. ಎರಡು ಜಾಗಗಳ ನಡುವಿನದೆಲ್ಲ ಕಿಟಕಿಯ ಹೊರಗೆ ಓಡಿಹೋಗುತ್ತದೆ. ಕಾಲ್ನಡಿಗೆಯಲ್ಲಿ ನಡುವಿನದ್ದೇ ಹೆಚ್ಚು. ಅವೆನ್ಯೂ ರಸ್ತೆಯ ಹಳೆ ಪುಸ್ತಕ, ಬಳೆಪೇಟೆಯ ವಾದ್ಯದಂಗಡಿ, ಪಾದಚಾರಿ ಮಾರ್ಗದಲ್ಲಿ ಬಾಚಣಿಗೆ, ಪಿನ್ನು, ಟೇಪು ಹರಡಿಕೊಂಡವನು, ವಿಳಾಸ ಕೇಳಿದಾಗ ಕನ್ನಡ ಬಾರದಿದ್ದರೂ ಕೈಸನ್ನೆಯಲ್ಲಿ ದಾರಿ ತೋರಿಸಿದವನು. ದಣಿವು, ಹಸಿವು, ಬಿಸಿಲು ಬೆರೆತ ನೆನಪು ಮೈಗೂ ಹತ್ತುತ್ತದೆ, ಸುಲಭಕ್ಕೆ ಅಳಿಯುವುದಿಲ್ಲ. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ಬರೆದ ಪುಸ್ತಕದಲ್ಲಿ, ಬೀದಿಬದಿಯಲ್ಲಿ ಓಡಾಡುವ, ಅಂಗಡಿ ಇಟ್ಟುಕೊಂಡಿರುವ ಅಪರಿಚಿತರ ಕಣ್ಣೇ ನಗರದ ಬೀದಿಗೆ ಕಾವಲು ಎಂದು ವಾದಿಸಿದರು. ನ್ಯೂಯಾರ್ಕಿಗೆ ಹೇಳಿದ ಆ ಮಾತು ಕೆಂಪೇಗೌಡ ರಸ್ತೆಗೂ ಸಲ್ಲುತ್ತದೆ. ಮೊದಲ ಸಲ ಪಟ್ಟಣಕ್ಕೆ ಬಂದ ಹೆಣ್ಣುಮಗಳು, ಗಂಡ ಟಿಕೆಟ್ಟಿನ ಸಾಲಿನಲ್ಲಿ ನಿಂತಿರುವಾಗ, ಹೂವಾಡಗಿತ್ತಿಯ ಪಕ್ಕದಲ್ಲಿ ನಿರಾತಂಕವಾಗಿ ನಿಲ್ಲಬಲ್ಲವಳಾಗಿದ್ದಳು. ಬೀದಿಬದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯ್ದೆ ಬಂತು. ಆ ವ್ಯಾಪಾರಿಗಳು ಅದಕ್ಕೂ ಮೊದಲು ಎಷ್ಟೋ ದಂಪತಿಗಳಿಗೆ ಕಾವಲಾಗಿದ್ದರು ಎಂಬುದನ್ನು ಯಾವ ಕಡತವೂ ದಾಖಲಿಸಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅವರು ನಡೆದದ್ದು ಆಟೋಗೆ ಕೊಡಲು ದುಡ್ಡಿಲ್ಲದ್ದರಿಂದ. ಬಡವರ ಅನಿವಾರ್ಯವನ್ನು ಸೊಬಗೆಂದು ಹೊಗಳುವುದು ಉಳ್ಳವರ ಚಾಳಿ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಸತ್ಯವಿದೆ. ಬಸ್ ಚಾರ್ಜನ್ನು ಎರಡರಿಂದ ಗುಣಿಸಿ ಹಿಂದೆ ಮುಂದೆ ನೋಡುತ್ತಿದ್ದವರಿಗೆ ಆಟೋ ಎಂಬುದು ಲೆಕ್ಕದಲ್ಲೇ ಇರಲಿಲ್ಲ. ಬಡತನವನ್ನು ನಾನು ಹೊಗಳುತ್ತಿಲ್ಲ. ಆದರೆ ಒಂದು ಕೆಲಸ ಅನಿವಾರ್ಯದಿಂದ ಶುರುವಾಯಿತು ಎಂದ ಮಾತ್ರಕ್ಕೆ ಅದರಿಂದ ಬೆಳೆದದ್ದೆಲ್ಲ ಸುಳ್ಳಾಗುವುದಿಲ್ಲ. ದುಡ್ಡಿಲ್ಲದ್ದು ಮಾತ್ರ ಕಾರಣವಾಗಿದ್ದರೆ, ಅವರು ಮೆಜೆಸ್ಟಿಕ್ಕಿನಿಂದ ಕೆಲಸದ ಜಾಗಕ್ಕೆ ನಡೆದು ಅಲ್ಲಿಂದ ಹಾಗೆಯೇ ಹಿಂತಿರುಗಬೇಕಿತ್ತು. ಕಬ್ಬನ್ ಪಾರ್ಕಿನ ಬಿದಿರ ಮೆಳೆಯವರೆಗೆ, ಲಾಲ್‌ಬಾಗಿನ ಕೆರೆಯ ಏರಿಯವರೆಗೆ ನಡೆಯುವ ಅಗತ್ಯ ಯಾವ ಬಡತನಕ್ಕೂ ಇಲ್ಲ. ಅದು ಆಯ್ಕೆ. ಬಡವರಿಗೂ ನೋಡುವ ಆಸೆಯಿದೆ, ಜೊತೆಯಲ್ಲಿ ಸುಮ್ಮನೆ ಕೂರುವ ಆಸೆಯಿದೆ ಎಂಬುದನ್ನು ಒಪ್ಪದವರು ಮಾತ್ರ ಆ ನಡಿಗೆಯಲ್ಲಿ ಕೊರತೆಯೊಂದನ್ನೇ ಕಾಣುತ್ತಾರೆ. ಟಿಕೆಟ್ಟಿಲ್ಲದ ಉದ್ಯಾನ, ಕಾಸಿಲ್ಲದೆ ಕೂರಬಹುದಾದ ಕಲ್ಲುಬೆಂಚು, ಹೊರಗಿನಿಂದ ಕಣ್ತುಂಬ ನೋಡಬಹುದಾದ ಸೌಧ ಇವೆಲ್ಲ ಆ ಆಸೆಗೆ ನಗರ ಕೊಟ್ಟ ಮರ್ಯಾದೆ.

ಮೂರನೆಯದು ಹೆಣ್ಣುಮಕ್ಕಳ ಪರವಾಗಿ ಎತ್ತಬೇಕಾದ ಆಕ್ಷೇಪ. ದುಡ್ಡು ಗಂಡನ ಜೇಬಿನಲ್ಲಿ, ದಾರಿ ಕೇಳುವವನು ಗಂಡ, ಕಂಕುಳಲ್ಲಿ ಕೂಸು ಹೆಂಡತಿಯದು; ಒಂದು ದಿನ ಅಕ್ಕಪಕ್ಕ ನಡೆದರೆ ಸಮಾನತೆ ಬಂದುಬಿಟ್ಟಿತೇ? ಬರಲಿಲ್ಲ. ಮರುದಿನ ಬೆಳಿಗ್ಗೆ ಅದೇ ಕೊಟ್ಟಿಗೆ, ಅದೇ ನಾಲ್ಕು ಮಾರಿನ ಅಂತರ. ಸಾರ್ವಜನಿಕ ಶೌಚಾಲಯ ಇಲ್ಲದ್ದರಿಂದ ನೀರನ್ನೇ ಕುಡಿಯದೆ ಇಡೀ ದಿನ ನಡೆದ ಹೆಂಗಸರ ಕಷ್ಟ ಆ ಚಂದದ ನೆನಪುಗಳ ಅಡಿಯಲ್ಲೇ ಇದೆ. ಇದನ್ನು ಮರೆಮಾಚಿ ಬರೆದರೆ ಅಂಥ ಬರಹ ಅರ್ಧ ಸತ್ಯ. ಹೀಗಿದ್ದೂ, ಒಂದು ದಿನಕ್ಕಾದರೂ ಬೇರೆ ಥರ ಇರಬಹುದು ಎಂದು ಇಬ್ಬರೂ ಕಂಡುಕೊಂಡದ್ದು ವ್ಯರ್ಥವಾಗಲಿಲ್ಲ. ಹೆಣ್ಣುಮಕ್ಕಳನ್ನು ಹಾಸನದ, ಬೆಂಗಳೂರಿನ ಕಾಲೇಜಿಗೆ ಕಳಿಸುವ ಪ್ರಶ್ನೆ ಮುಂದೆ ಮನೆಮನೆಯಲ್ಲಿ ಎದ್ದಾಗ, ಪಟ್ಟಣವನ್ನು ಕಾಲಾರೆ ಕಂಡಿದ್ದ ತಾಯಿಗೂ ಅದನ್ನು ಬರೀ ಕೇಳಿ ಹೆದರಿದ್ದ ತಾಯಿಗೂ ವ್ಯತ್ಯಾಸವಿತ್ತು. ಕಂಡವಳು ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾರನ್ನು ಕೇಳಬೇಕು ಎಂದು ಮಗಳಿಗೆ ಹೇಳಬಲ್ಲಳು. ತಿಳಿವಳಿಕೆ ಹೀಗೆ ಒಂದು ತಲೆಮಾರು ತಡವಾಗಿಯಾದರೂ ಫಲ ಕೊಡುತ್ತದೆ.

ಕೊನೆಯ ಆಕ್ಷೇಪ ಇಂದಿನದು. ಆ ಬೆಂಗಳೂರು ಈಗೆಲ್ಲಿದೆ? ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿದವು, ಕಪಾಲಿ 2017ರಲ್ಲಿ ನೆಲಸಮವಾಯಿತು, ಫುಟ್‌ಪಾತಿನ ಮೇಲೆ ಬೈಕುಗಳು ಓಡುತ್ತವೆ, ವಿಧಾನಸೌಧವನ್ನು ಮೊಬೈಲಿನಲ್ಲೇ ನೋಡಬಹುದು. ಹಿರೀಸಾವೆಯವರಿಗೂ ಈಗ ನಾಲ್ಕು ಪಥದ ಹೆದ್ದಾರಿಯಿದೆ, 2017ರಿಂದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ರೈಲಿದೆ. ಹಳೆಯದನ್ನು ಹಿಡಿದು ಕೂರುವುದೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ನಡೆದು ನೋಡಬೇಕಾದ ಹಳೆಯ ಬೆಂಗಳೂರಿನ ಅಳತೆ ಬದಲಾಗಿಲ್ಲ. ವಿಧಾನಸೌಧದಿಂದ ಕಬ್ಬನ್ ಪಾರ್ಕಿಗೆ ಅಂದು ಎಷ್ಟು ಹೆಜ್ಜೆಯೋ ಇಂದೂ ಅಷ್ಟೇ. ನಾಗಸಂದ್ರದಲ್ಲೇ ಬಸ್ಸಿಳಿದು ಮೆಟ್ರೊ ಹತ್ತಿದರೆ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ವಿಧಾನಸೌಧದ ಎದುರೇ ಇಳಿಯಬಹುದು. ದಣಿಸುವ ದೂರವನ್ನು ಮೆಟ್ರೊ ನುಂಗಿ ನಡೆಯುವ ದೂರವನ್ನಷ್ಟೇ ಉಳಿಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಹೆಂಡತಿ ಜೊತೆಗೆ ಬಂದರೆ ಖರ್ಚು ಇಮ್ಮಡಿ ಎಂಬ ಹಳೆಯ ಲೆಕ್ಕವನ್ನು ಇದು ಬುಡಮೇಲು ಮಾಡಿತು. ಅವಳನ್ನು ಬಿಟ್ಟುಹೋಗುವುದಕ್ಕೆ ಚಾರ್ಜಿನ ನೆಪ ಉಳಿದಿಲ್ಲ. 2025ರಲ್ಲಿ ರಜಾದಿನಗಳಂದು ಮಾರ್ಗದರ್ಶಕರೊಡನೆ ವಿಧಾನಸೌಧದ ಒಳಗೇ ನಡೆದು ನೋಡುವ ವ್ಯವಸ್ಥೆ ಬಂತು. ಹೊರಗೆ ನಿಂತು ಕತ್ತೆತ್ತಿ ನೋಡಿದವರ ಮಕ್ಕಳು ಈಗ ಒಳಗಿನ ಮೆಟ್ಟಿಲು ಹತ್ತಬಹುದು. ಮೊಬೈಲಿನ ಚಿತ್ರ ಕಟ್ಟಡವನ್ನು ತೋರಿಸೀತು; ಜೊತೆಯವರ ಕಾಲು ನೋಯುತ್ತಿದೆಯೆಂದು ತಿಳಿದು ಹೆಜ್ಜೆ ನಿಧಾನಿಸುವುದನ್ನು ಅದು ಕಲಿಸಲಾರದು.

ಕೆಟ್ಟುಹೋಗಿರುವುದು ನಡೆಯುವ ಜಾಗ, ಮತ್ತು ಅದು ಸರಿಪಡಿಸಬಹುದಾದ ಸಂಗತಿ. 2020ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯ ವಾಹನ ಸಂಚಾರ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಟ್ಟಾಗ ನಗರವೇನೂ ಸ್ಥಗಿತವಾಗಲಿಲ್ಲ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ವಾಹನ ಬಿಡದಿರುವುದರಿಂದ ಮಕ್ಕಳು ಮುದುಕರು ನಿರ್ಭಯವಾಗಿ ನಡೆಯುತ್ತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ನಡೆಯಲು ಯೋಗ್ಯವಾದ ಪಾದಚಾರಿ ಮಾರ್ಗ ಸಿಗುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಹಕ್ಕು ಎಂದ ಮೇಲೆ ಅದು ನಗರದ ನಿವಾಸಿಗೆ ಮಾತ್ರ ಸೇರಿದ್ದಲ್ಲ. ಒಂದು ದಿನಕ್ಕೆ ಬಂದುಹೋಗುವ ಹಳ್ಳಿಯ ದಂಪತಿಗೂ ಸೇರಿದ್ದು. ವಿಧಾನಸೌಧ, ಹೈಕೋರ್ಟು, ಲಾಲ್‌ಬಾಗು, ವಸ್ತುಸಂಗ್ರಹಾಲಯ ಕಟ್ಟಿದ್ದು ಇಡೀ ನಾಡಿನ ದುಡ್ಡಿನಲ್ಲಿ. ಅವುಗಳ ನಡುವಿನ ದಾರಿಯೂ ಇಡೀ ನಾಡಿನದು. ಆ ದಾರಿಯಲ್ಲಿ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲದ ಫುಟ್‌ಪಾತು, ಮಂಡಿನೋವಿನವರು ಕೂರಲು ಅಲ್ಲಲ್ಲಿ ಬೆಂಚು, ಕುಡಿಯುವ ನೀರು, ಹೆಂಗಸರು ಹಿಂಜರಿಯದೆ ಹೋಗಬಹುದಾದ ಶೌಚಾಲಯ, ದೊಡ್ಡಕ್ಷರದ ಕನ್ನಡದ ದಾರಿಫಲಕ ಇಷ್ಟು ಇರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ನಡೆಯಲಾಗದ ಹಿರಿಯರಿಗೆ ಗಾಲಿಕುರ್ಚಿ ಹೋಗುವಂತೆ ಮಾಡಿದ ಮಾರ್ಗ ಕೂಸೆತ್ತಿಕೊಂಡ ತಾಯಿಗೂ ಆಗುತ್ತದೆ.

ನಮ್ಮ ಊರಿಗೂ ಇದರಲ್ಲಿ ಒಂದು ಪಾಲು ಇದೆ. ನಗರ ಎಷ್ಟೇ ಚೆನ್ನಾಗಿ ದಾರಿ ಮಾಡಿಕೊಟ್ಟರೂ ಮನೆಯವರು ಬಿಡದಿದ್ದರೆ ಹೊರಡುವುದು ಹೇಗೆ? ಹೊಸದಾಗಿ ಮದುವೆಯಾದವರಿಗೆ ಈಗ ಗೋವಾ, ಊಟಿ ಎಲ್ಲ ಇರಬಹುದು. ಆದರೆ ಸಂಸಾರ ಹಳತಾದವರಿಗೆ, ಮಕ್ಕಳನ್ನು ಓದಿಸಿ ದಡ ಸೇರಿಸಿದವರಿಗೆ, ಬೆಂಗಳೂರೆಂದರೆ ಮತ್ತೆ ಆಸ್ಪತ್ರೆ ಮತ್ತು ಮೊಮ್ಮಕ್ಕಳ ಮನೆ ಎರಡೇ ಆಗಿಬಿಟ್ಟಿದೆ. ಪೀಣ್ಯ, ಲಗ್ಗೆರೆಯ ಮನೆಗಳಲ್ಲಿ ಮೊಮ್ಮಗುವನ್ನು ನೋಡಿಕೊಳ್ಳಲು ಅಜ್ಜಿಯೊಬ್ಬಳನ್ನೇ ಕರೆಸಿಕೊಂಡು, ತಾತನನ್ನು ಊರಿನ ಹಸು ತೋಟಕ್ಕೆ ಬಿಡುವುದು ರೂಢಿಯಾಗುತ್ತಿದೆ. ಮುಪ್ಪಿನಲ್ಲಿ ಜೊತೆಗಿರಬೇಕಾದವರು ನೂರ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಬೇರೆ ಬೇರೆ ಇರುತ್ತಾರೆ. ಅಂಥವರಿಗೆ ವರ್ಷದಲ್ಲಿ ಒಂದು ದಿನ, ಕೆಲಸದ ನೆಪವಿಲ್ಲದೆ, ಇಬ್ಬರೇ ಹೋಗಿ ನಡೆದುಬನ್ನಿ ಎಂದು ಮಕ್ಕಳು ಹೇಳಬೇಕು; ಆ ದಿನದ ಹಾಲು ಕರೆಯುವ, ಮಗುವನ್ನು ನೋಡುವ ಹೊಣೆಯನ್ನು ತಾವು ಹೊರಬೇಕು. ಅವರು ಹಿಂದೊಮ್ಮೆ ನೋಡಿದ ಜಾಗಗಳನ್ನೇ ಮತ್ತೆ ನೋಡಲಿ, ನಷ್ಟವಿಲ್ಲ. ಒಟ್ಟಿಗೆ ಬಾಳಿದವರಿಗೆ ಒಟ್ಟಿಗೆ ನೆನೆಯುವಂಥದ್ದು ಇನ್ನಷ್ಟು ಇರಬೇಕು. ಅದಕ್ಕೆ ಬೇಕಾದದ್ದು ಒಂದು ದಿನದ ಬಿಡುವು ಮತ್ತು ನಡೆಯಲು ಒಂದು ದಾರಿ. ಬಿಡುವನ್ನು ಮನೆ ಕೊಡಬೇಕು, ದಾರಿಯನ್ನು ನಗರ ಕೊಡಬೇಕು.